ಏನೂ ಇಲ್ಲವೇ ಮೇಡಂ?

ಮಂಗಳವಾರ ಸಂಜೆ ಏಳರ ಹೊತ್ತಿಗೆ ಗೊತ್ತಿಲ್ಲದ ಸಂಖ್ಯೆಯಿಂದ ಕರೆ ಬಂತು. ಸಾಲ ಬೇಕೇ ಎಂದು ಕೇಳುವವರಿರಬೇಕು, ಎರಡು ಮಾತಿನಲ್ಲಿ ಮುಗಿಸೋಣ ಎಂದುಕೊಂಡು ಎತ್ತಿದೆ. "ನಮಸ್ಕಾರ ಮೇಡಂ, ಹಳೆಯ ವಿದ್ಯಾರ್ಥಿಗಳ ಸಂಘದ ಪರವಾಗಿ ಮಾತನಾಡುತ್ತಿದ್ದೇನೆ" ಎಂದಿತು ಒಂದು ಎಳೆಯ ದನಿ.

ಹಳೆಯ ಎಂಬ ಮಾತೇ ಮೊದಲು ಚುಚ್ಚಿತು. ನಾನು ವಿಶ್ವವಿದ್ಯಾಲಯ ಬಿಟ್ಟು ಹದಿನಾಲ್ಕು ತಿಂಗಳಾಗಿದೆ, ಅಷ್ಟೆ. ಘಟಿಕೋತ್ಸವದ ಫೋಟೊಗೆ ಇನ್ನೂ ಚೌಕಟ್ಟು ಹಾಕಿಸಿಲ್ಲ. ಪರೀಕ್ಷೆಗೆ ತಡವಾದಂತೆ ಈಗಲೂ ವಾರಕ್ಕೊಮ್ಮೆ ಕನಸು ಬೀಳುತ್ತದೆ. ಅಷ್ಟರಲ್ಲಿ ನಾನು ಹಳೆಯವಳು.

ಹುಡುಗಿ ಬರೆದುಕೊಟ್ಟದ್ದನ್ನು ಓದುತ್ತಿದ್ದಾಳೆ ಎಂಬುದು ಅವಳು ಉಸಿರು ತೆಗೆದುಕೊಳ್ಳುತ್ತಿದ್ದ ಜಾಗಗಳಿಂದಲೇ ಗೊತ್ತಾಗುತ್ತಿತ್ತು. ವಾಕ್ಯದ ನಡುವೆ ನಿಲ್ಲುತ್ತಿದ್ದಳು, ಪೂರ್ಣವಿರಾಮವನ್ನು ಹಾರಿಕೊಂಡು ಹೋಗುತ್ತಿದ್ದಳು. ವಿದ್ಯಾರ್ಥಿವೇತನದ ನಿಧಿ, ಹೊಸ ಓದುವ ಕೊಠಡಿ, ನಿಮ್ಮಂಥವರ ಬೆಂಬಲ. ಕೊನೆಗೆ, "ಎಷ್ಟಾದರೂ ಸರಿ ಮೇಡಂ, ಮೊತ್ತ ಮುಖ್ಯವಲ್ಲ."

ನಾನು ಸುಳ್ಳು ಹೇಳಲಿಲ್ಲ. "ನೋಡಮ್ಮ, ನಾನು ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಯಿತು. ಕೊಡುವಂಥದ್ದು ನನ್ನ ಹತ್ತಿರ ಏನೂ ಇಲ್ಲ" ಎಂದೆ.

ಹಾಳೆ ಸರಿಸಿದ ಸದ್ದು. ಆಮೇಲೆ, "ಏನೂ ಇಲ್ಲವೇ ಮೇಡಂ?"

ಇವತ್ತು ಶುಕ್ರವಾರ. ಮೂರು ದಿನದಿಂದ ಈ ಮಾತನ್ನು ತಲೆಯೊಳಗೆ ಬೇರೆ ಬೇರೆ ಧಾಟಿಯಲ್ಲಿ ಕೇಳಿಸಿಕೊಂಡಿದ್ದೇನೆ. ಒಮ್ಮೆ ಅದು ಕನಿಕರದಂತೆ ಕೇಳುತ್ತದೆ, ಒಮ್ಮೆ ಕೊಂಕಿನಂತೆ. ಇಷ್ಟು ಓದಿಯೂ ಏನೂ ಇಲ್ಲವೇ ಎಂದು ಕೇಳಿದ ಹಾಗೆ. ಅದು ಅವಳ ಕೈಯ ಹಾಳೆಯಲ್ಲೇ ಬರೆದಿದ್ದ ವಾಕ್ಯವೋ ಅವಳದೇ ಮಾತೋ ಇನ್ನೂ ತಿಳಿದಿಲ್ಲ. ಕೇಳಿ ತಿಳಿದುಕೊಳ್ಳಬಹುದು, ಆದರೆ ಹಾಳೆಯಲ್ಲಿತ್ತು ಎಂದುಬಿಟ್ಟರೆ ನನಗೆ ಬೇಸರವಾಗುತ್ತದೆ.

ಏಕೆಂದರೆ ಅದರ ಹಿಂದೆಯೇ ಅವಳು ಹಾಳೆ ಬಿಟ್ಟು ಮಾತನಾಡಿದಳು. "ನಿಮ್ಮ ಹೆಸರು ನನಗೆ ಗೊತ್ತು. ವಿಭಾಗದ ಬೀರುವಿನಲ್ಲಿ ನಿಮ್ಮ ಪ್ರಾಜೆಕ್ಟ್ ವರದಿ ಇದೆ. ನಾನೂ ಮನಃಶಾಸ್ತ್ರವೇ, ಕೊನೆಯ ವರ್ಷ. ಒಂದು ಕೇಳಲೇ ಅಕ್ಕ?"

ಮೇಡಂ ಹೋಗಿ ಅಕ್ಕ ಬಂದದ್ದನ್ನು ಅವಳು ಗಮನಿಸಲಿಲ್ಲ. ನಾನು ಗಮನಿಸಿದೆ.

"ಮೂರನೆಯ ಅಧ್ಯಾಯದಲ್ಲಿ ಇನ್ನೂರು ಮಂದಿಯನ್ನು ಮಾತನಾಡಿಸುತ್ತೇವೆ ಎಂದು ಬರೆದಿದ್ದೀರಿ. ನಾಲ್ಕನೆಯದರಲ್ಲಿ ಎಂಬತ್ತೇಳೇ ಇದೆ. ಉಳಿದವರು ಎಲ್ಲಿ ಹೋದರು?"

ಮೌಖಿಕ ಪರೀಕ್ಷೆಗೆ ಬಂದ ಹೊರಗಿನ ಪರೀಕ್ಷಕರು ಕೂಡ ಈ ಪ್ರಶ್ನೆ ಕೇಳಿರಲಿಲ್ಲ. 'ಸಮಯದ ಮಿತಿಯಿಂದಾಗಿ' ಎಂದು ಅರ್ಧ ಸಾಲು ಗೀಚಿ ದಾಟಿಸಿದ್ದೆ. ನಿಜಸಂಗತಿ ಬೇರೆ. ಜನರನ್ನು ಮಾತನಾಡಿಸಿ ಮಾಡುವ ಅಧ್ಯಯನಕ್ಕೆ ಅನುಮತಿ ಕೊಡುವ ನೈತಿಕತಾ ಸಮಿತಿಗೆ ಅರ್ಜಿ ಹಾಕಬೇಕೆಂಬುದೇ ನಮಗೆ ತಡವಾಗಿ ತಿಳಿಯಿತು. ಒಪ್ಪಿಗೆಯ ಪತ್ರದ ನಮೂನೆ ಸರಳವಾಗಿಲ್ಲ ಎಂದು ಸಮಿತಿ ಒಮ್ಮೆ ಅರ್ಜಿಯನ್ನು ಹಿಂದಿರುಗಿಸಿತು. ಎರಡನೆಯ ಸಲ ಅನುಮತಿ ಸಿಗುವಷ್ಟರಲ್ಲಿ ನಾವು ಮಾತನಾಡಿಸಬೇಕಿದ್ದ ಮೊದಲ ವರ್ಷದವರು ಪರೀಕ್ಷೆ ಮುಗಿಸಿ ಮನೆಗೆ ಹೋಗಿದ್ದರು. ಇದನ್ನೆಲ್ಲ ಹೇಳಿದೆ. ಅವಳು ಬರೆದುಕೊಳ್ಳುತ್ತಿದ್ದಳು. "ಹಾಗಾದರೆ ನಾನು ಅರ್ಜಿಯನ್ನು ಈ ತಿಂಗಳೇ ಹಾಕಬೇಕಲ್ಲವೇ?" "ಈ ತಿಂಗಳಲ್ಲ, ಈ ವಾರ" ಎಂದೆ. ನನ್ನ ದನಿಯಲ್ಲಿ ಅಧಿಕಾರವಿತ್ತು. ಕಚೇರಿಯಲ್ಲಿ ಎಲ್ಲರಿಗಿಂತ ಕಿರಿಯಳಾಗಿ ನಾಲ್ಕು ತಿಂಗಳಿನಿಂದ ತಲೆಯಾಡಿಸುತ್ತಿರುವ ನನಗೆ ನನ್ನ ಆ ದನಿ ಮರೆತೇಹೋಗಿತ್ತು. ನಲವತ್ತು ನಿಮಿಷ ಮಾತನಾಡಿದೆವು. ದೇಣಿಗೆಯ ವಿಷಯ ಇಬ್ಬರಿಗೂ ನೆನಪಾಗಲಿಲ್ಲ.

ಆ ರಾತ್ರಿ ನಿದ್ದೆ ಬಾರದೆ ಸಿಕ್ಕಸಿಕ್ಕದ್ದನ್ನು ಓದಿದೆ. ಮೊತ್ತ ಮುಖ್ಯವಲ್ಲ ಎಂಬುದು ಬರಿಯ ವಿನಯದ ಮಾತು ಎಂದುಕೊಂಡಿದ್ದೆ. ಅದರ ಹಿಂದೆ ಲೆಕ್ಕಾಚಾರವೂ ಇರಬಹುದು. ಅಮೆರಿಕದ ಕಾಲೇಜುಗಳಿಗೆ ಸ್ಥಾನ ಕೊಡುವ ಯು.ಎಸ್. ನ್ಯೂಸ್ ಪಟ್ಟಿಯಲ್ಲಿ, ಓದಿ ಹೋದವರಲ್ಲಿ ಶೇಕಡಾ ಎಷ್ಟು ಮಂದಿ ದೇಣಿಗೆ ಕೊಟ್ಟರು ಎಂಬುದಕ್ಕೂ ಬಹುಕಾಲ ಅಂಕವಿತ್ತು. ಕಟ್ಟಡವನ್ನೇ ಕಟ್ಟಿಸಿಕೊಟ್ಟವನೂ ಒಂದು ತಲೆ, ಬಿಡಿಗಾಸು ಕೊಟ್ಟವನೂ ಒಂದು ತಲೆ. 2023ರಲ್ಲಿ ಆ ಅಳತೆಯನ್ನು ಕೈಬಿಟ್ಟರು. ಒಳ್ಳೆಯದಾಯಿತು. ಪ್ರೀತಿಯ ತಲೆಯೆಣಿಕೆ ಯಾರಿಗೆ ಬೇಕು?

ಅದೇ ದೇಶದ ಇನ್ನೊಂದು ಕಥೆ ನನಗೆ ಹೆಚ್ಚು ಹಿಡಿಸಿತು. ಹಳೆಯ ವಿದ್ಯಾರ್ಥಿಗಳ ಸಂಘಗಳಲ್ಲೆಲ್ಲ ಹಿರಿಯದು ವಿಲಿಯಮ್ಸ್ ಕಾಲೇಜಿನದು ಎನ್ನುತ್ತಾರೆ, 1821ರದು. ಆ ವರ್ಷ ಕಾಲೇಜಿನ ಅಧ್ಯಕ್ಷರೇ ಅದನ್ನು ಬಿಟ್ಟು ಆಮ್ಹರ್ಸ್ಟ್‌ನ ಹೊಸ ಸಂಸ್ಥೆಯ ಮುಖ್ಯಸ್ಥರಾಗಿ ಹೊರಟರು, ಕೆಲವು ವಿದ್ಯಾರ್ಥಿಗಳೂ ಅವರ ಬೆನ್ನಿಗೆ ನಡೆದರು. ಇನ್ನೇನು ಬಾಗಿಲು ಮುಚ್ಚುತ್ತದೆ ಎಂಬಂತಿದ್ದಾಗ ಅಲ್ಲಿ ಓದಿ ಹೋಗಿದ್ದವರು ಸೇರಿ ಸಂಘ ಕಟ್ಟಿದರು. ಅಂದರೆ ಸಂಘ ಹುಟ್ಟಿದ್ದು ವರ್ಷಕ್ಕೊಮ್ಮೆ ಊಟಕ್ಕೆ ಸೇರಲೆಂದಲ್ಲ, ಹಿಂದೆ ಬರುವವರಿಗೆ ಬೆಂಚು ಉಳಿಯಲಿ ಎಂದು.

ಓದಿದ ಜಾಗವನ್ನು ಲ್ಯಾಟಿನ್‌ನಲ್ಲಿ ಆಲ್ಮಾ ಮೇಟರ್ ಎನ್ನುತ್ತಾರೆ, ಉಣಿಸುವ ತಾಯಿ ಎಂದರ್ಥ. 1088ರಷ್ಟು ಹಿಂದಿನದೆಂದು ಹೇಳಿಕೊಳ್ಳುವ ಇಟಲಿಯ ಬೊಲೊನ್ಯ ವಿಶ್ವವಿದ್ಯಾಲಯದ ಹೆಸರಿನೊಳಗೇ ಆ ಮಾತು ಸೇರಿಕೊಂಡಿದೆ. ಓದಿ ಹೋದವನಿಗೆ ಅವರಿಟ್ಟ ಅಲಮ್ನಸ್ ಎಂಬ ಹೆಸರೂ ಅದೇ ಬೇರಿನದು, ಸಾಕಿದ ಕೂಸು ಎಂಬರ್ಥದ್ದು. ನಾವು ಮಾತ್ರ ಹಳೆಯ ವಿದ್ಯಾರ್ಥಿ ಎಂದು ಬಳಸಿಟ್ಟ ಪಾತ್ರೆಯ ಹಾಗೆ ಕರೆಯುತ್ತೇವೆ. ಆದರೂ ಉಣ್ಣುವ ವಿಷಯದಲ್ಲಿ ನಮ್ಮಲ್ಲೊಂದು ಗಾದೆಯಿದೆಯಲ್ಲ, ಉಂಡ ಮನೆಯ ಜಂತೆ ಎಣಿಸುವುದು. ಹದಿನಾಲ್ಕು ತಿಂಗಳಲ್ಲಿ ನಾನು ಮಾಡಿದ್ದು ಅದನ್ನೇ. ಹಾಸ್ಟೆಲಿನ ನೀರು, ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಒಂದಕ್ಷರ ತಿದ್ದಲು ತಿಂಗಳುಗಟ್ಟಲೆ ಓಡಾಡಿಸಿದ ಪರೀಕ್ಷಾ ವಿಭಾಗ, ಎರಡೂ ಸೆಮಿಸ್ಟರಿನಲ್ಲಿ ಒಂದೇ ಟಿಪ್ಪಣಿ ಓದಿದ ಮೇಷ್ಟರು. ಎಣಿಸಿದ ಜಂತೆಗಳೆಲ್ಲ ನಿಜವೇ. ಸಾಯಂಕಾಲ ಐದು ಹೊಡೆದರೂ ಬಾಗಿಲು ಹಾಕದೆ ನಮಗಾಗಿ ಕಾದಿರುತ್ತಿದ್ದ ವಿಭಾಗದ ಗುಮಾಸ್ತರು ಮಾತ್ರ ನನ್ನ ಎಣಿಕೆಯಲ್ಲಿ ಎಂದೂ ಬರಲಿಲ್ಲ.

ಇನ್ನು ನನಗೆ ಮಾರ್ಗದರ್ಶಕರಾಗಿದ್ದವರ ವಿಷಯ. ಅವರಿಗೆ ಈ ಅವಧಿಯಲ್ಲಿ ನಾನು ಬರೆದದ್ದು ಒಂದೇ ಒಂದು ಮಿಂಚಂಚೆ: "ಸರ್, ಶಿಫಾರಸು ಪತ್ರ ನಾಳೆಯೊಳಗೆ ಬೇಕಿತ್ತು." ಅವರು ಕಳುಹಿಸಿದರು. ಅದರಿಂದಲೇ ಕೆಲಸ ಸಿಕ್ಕಿತು. ಸಿಕ್ಕಿತು ಎಂದು ನಾನು ತಿಳಿಸಲಿಲ್ಲ. ಬುಧವಾರ ಬೆಳಿಗ್ಗೆ ತಿಳಿಸಿದೆ, ನಾಲ್ಕು ತಿಂಗಳು ತಡವಾಗಿ. ಅವರ ಉತ್ತರ ಎರಡೇ ಪದ: "ಸಂತೋಷ. ಬರೆಯುತ್ತಿರು."

ಬುಧವಾರವೇ ಇನ್ನೊಂದು ಫಜೀತಿಯಾಯಿತು. ಸಮಿತಿಗೆ ಹಾಕಿದ ಅರ್ಜಿಯ ಪ್ರತಿಯನ್ನು ಹುಡುಗಿಗೆ ಕಳುಹಿಸುತ್ತೇನೆಂದು ಮಾತು ಕೊಟ್ಟಿದ್ದೆ. ಹುಡುಕಿದರೆ, ಅದು ಇದ್ದದ್ದು ವಿಶ್ವವಿದ್ಯಾಲಯ ಕೊಟ್ಟಿದ್ದ ಮಿಂಚಂಚೆಯ ಖಾತೆಯಲ್ಲಿ. ಖಾತೆ ಮುಚ್ಚಲಾಗುವುದು, ಬೇಕಾದ ಕಡತಗಳನ್ನು ಇಳಿಸಿಕೊಳ್ಳಿ ಎಂದು ಮೂರು ಸಲ ಸೂಚನೆ ಬಂದಿತ್ತು. ನಾಳೆ ನೋಡಿದರಾಯಿತು ಎಂದು ಮೂರು ಸಲವೂ ಮುಂದೂಡಿದ್ದೆ. ಎರಡು ವರ್ಷದ ಬರಹ, ಪಠ್ಯಕ್ರಮದ ಪ್ರತಿ, ಮೇಷ್ಟರು ಅಂಚಿನಲ್ಲಿ ಬರೆದ ತಿದ್ದುಪಡಿಗಳು, ಎಲ್ಲವೂ ಆ ಬಾಗಿಲ ಹಿಂದೆ. ಮುಂದೆ ಹೊರದೇಶದಲ್ಲಿ ಓದಲು ಹೊರಟರೆ ಯಾವ ವಿಷಯದಲ್ಲಿ ಏನು ಕಲಿತಿರಿ ಎಂದು ಪಠ್ಯಕ್ರಮ ಕೇಳುವುದೂ ಉಂಟು; ಆಗ ಎಲ್ಲಿಗೆ ಓಡುವುದು?

ಆದ್ದರಿಂದ ನಮ್ಮ ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಬೇಕಾಯಿತು. ನಲವತ್ತೆರಡು ಮಂದಿಯ ಗುಂಪು. ಹಬ್ಬಕ್ಕೆ ಶುಭಾಶಯ, ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ, ಮಿಕ್ಕಂತೆ ಮೌನ. ಬಾಯಿ ಬಿಡುವವನು ಒಬ್ಬನೇ, ಅದೂ ತನಗೆ ಬಡ್ತಿ ಸಿಕ್ಕಿದಾಗ. ಅವನ ದೆಸೆಯಿಂದ ನಾನು ಗುಂಪನ್ನೇ ಸದ್ದಡಗಿಸಿಟ್ಟು ವರ್ಷವಾಗಿತ್ತು. ಐದೇ ನಿಮಿಷದಲ್ಲಿ ಆ ಪುಣ್ಯಾತ್ಮನಿಂದ ಉತ್ತರ ಬಂತು. ನಮ್ಮ ಜಂಟಿ ಅರ್ಜಿ, ಸಮಿತಿಯ ಆಕ್ಷೇಪ, ತಿದ್ದಿದ ನಮೂನೆ, ಎಲ್ಲವನ್ನೂ ದಿನಾಂಕದ ಸಮೇತ ಜೋಡಿಸಿಟ್ಟಿದ್ದ. "ಜೂನಿಯರ್‌ಗಳಿಗೆ ಬೇಕಾಗಬಹುದು ಎಂದು ಇಟ್ಟಿದ್ದೆ, ಯಾರೂ ಕೇಳಲಿಲ್ಲ" ಎಂದು ಬರೆದ. ಅವನ ಬಗೆಗಿನ ನನ್ನ ಅಭಿಪ್ರಾಯ ಪೂರ್ತಿ ಬದಲಾಯಿತೆಂದೇನೂ ಅಲ್ಲ. ಅದೇ ಸಂದೇಶದ ಕೊನೆಯಲ್ಲಿ ತನ್ನ ಹೊಸ ಹುದ್ದೆಯ ವಿಷಯ ಸೇರಿಸಿದ್ದ.

ಯಾರೂ ಕೇಳಲಿಲ್ಲ ಎಂಬುದು ನಿಜ. ವಿಶ್ವವಿದ್ಯಾಲಯ ಕರೆದು ಶಾಲು ಹೊದಿಸುವುದು ಮೂವತ್ತು ವರ್ಷ ಹಿಂದೆ ಓದಿದವರಿಗೆ. ಅವರು ವೇದಿಕೆಯ ಮೇಲಿಂದ ಜೀವನದ ಬಗ್ಗೆ ಹೇಳುತ್ತಾರೆ. ಈ ವರ್ಷ ಯಾವ ಸಮಿತಿಗೆ ಯಾವ ನಮೂನೆ, ಯಾವ ಐಚ್ಛಿಕ ವಿಷಯ ತೆಗೆದುಕೊಂಡರೆ ಕೊನೆಯ ಸೆಮಿಸ್ಟರಿನಲ್ಲಿ ಉಸಿರುಗಟ್ಟುತ್ತದೆ, ಮೊದಲ ಸಂದರ್ಶನದಲ್ಲಿ ಪ್ರಾಜೆಕ್ಟಿನ ಬಗ್ಗೆ ಎಷ್ಟು ಕೆದಕುತ್ತಾರೆ, ಇದು ಅವರಿಗೆ ಗೊತ್ತಿರುವುದಿಲ್ಲ. ನಮಗೆ ಗೊತ್ತಿರುತ್ತದೆ. ಅದೂ ಹೆಚ್ಚು ದಿನ ಇರುವುದಿಲ್ಲ. ಎರಡು ವರ್ಷ ಕಳೆದರೆ ನಿಯಮ ಬದಲಾಗುತ್ತದೆ, ಮೇಷ್ಟರು ನಿವೃತ್ತರಾಗುತ್ತಾರೆ, ನನಗೇ ಮರೆತುಹೋಗುತ್ತದೆ. ಹಣ ಬೇಕಾದರೆ ನಲವತ್ತನೆಯ ವಯಸ್ಸಿನಲ್ಲಿ ಕೊಡಬಹುದು. ಇದು ಈಗ ಕೊಟ್ಟರೆ ಉಂಟು.

ಗುರುವಾರ ಸಂಘದ ಜಾಲತಾಣಕ್ಕೆ ಹೋಗಿ ನನ್ನ ವಿವರ ತುಂಬಲು ಕುಳಿತೆ. ಅವರ ಬಳಿ ಇದ್ದದ್ದು ಆ ಸತ್ತ ಮಿಂಚಂಚೆಯ ವಿಳಾಸ. ನನಗೆ ಯಾವ ಆಹ್ವಾನವೂ ಬರುವುದಿಲ್ಲ ಎಂದು ವರ್ಷವಿಡೀ ಮುನಿಸಿಕೊಂಡಿದ್ದೆನಲ್ಲ, ಕಾರಣ ಅಲ್ಲಿತ್ತು. ವಿಳಾಸ ಬದಲಿಸಿದೆ, ಫೋನ್ ಸಂಖ್ಯೆ ಸರಿಯಿತ್ತು. ಗ್ರಂಥಾಲಯದ ಹಳೆಯ ವಿದ್ಯಾರ್ಥಿ ಸದಸ್ಯತ್ವಕ್ಕೆ ಗುರುತು ಹಾಕಿದೆ. 'ನೀವು ಹೇಗೆ ನೆರವಾಗಬಲ್ಲಿರಿ' ಎಂಬ ಚೌಕದಲ್ಲಿ, ಪ್ರಾಜೆಕ್ಟ್ ಮಾಡುವವರ ಜೊತೆ ಭಾನುವಾರ ಬೆಳಿಗ್ಗೆ ಒಂದು ಗಂಟೆ ಮಾತನಾಡಬಲ್ಲೆ ಎಂದು ಬರೆದೆ. ಅದರ ಕೆಳಗೆ 'ದೇಣಿಗೆಯ ಮೊತ್ತ'. ಖಾಲಿ ಬಿಟ್ಟರೆ ಅರ್ಜಿ ಮುಂದೆ ಹೋಗಲಿಲ್ಲ. ಸೊನ್ನೆ ಹಾಕಿದೆ. ಸರಿಯಾದ ಮೊತ್ತ ನಮೂದಿಸಿ ಎಂದು ಕೆಂಪು ಅಕ್ಷರ ಮೂಡಿತು.

ಏನೂ ಇಲ್ಲವೇ ಮೇಡಂ?

ಆ ಪುಟ ಇನ್ನೂ ಹಾಗೇ ತೆರೆದಿದೆ. ಹುಡುಗಿಗೆ ಅರ್ಜಿಯ ನಮೂನೆ ತಲುಪಿದೆ. ಭಾನುವಾರ ಹನ್ನೊಂದಕ್ಕೆ ಕರೆ ಮಾಡುತ್ತಾಳಂತೆ, ಜೊತೆಗೆ ಇನ್ನಿಬ್ಬರು ಇರುತ್ತಾರಂತೆ. ನನ್ನ ಐದನೆಯ ಅಧ್ಯಾಯದಲ್ಲೂ ಏನೋ ತಪ್ಪು ಕಂಡಿದೆಯಂತೆ.