ಆನೆ ಬೇಕಾ ಕುದುರೆ ಬೇಕಾ

ನಮ್ಮೂರ ಪ್ರೀಮಿಯರ್ ಲೀಗ್ ಹರಾಜಿಗೆ ನಾನು ಲ್ಯಾಪ್‌ಟಾಪ್ ತಗೊಂಡು ಹೋಗಿದ್ದೆ. ಈಗ ನೆನೆಸ್ಕೊಂಡ್ರೆ ನಾಚಿಕೆ ಆಗತ್ತೆ, ಆದ್ರೆ ಅವತ್ತು ಬೆಳಿಗ್ಗೆ ಸಾಗರದ ಬಸ್ ಸ್ಟ್ಯಾಂಡಲ್ಲಿ ಇಳಿದಾಗ ನನ್ನ ತಲೇಲಿ ಇದ್ದಿದ್ದು ಒಂದೇ, ಈ ಸಲ ಟೀಮನ್ನ ಸೈಂಟಿಫಿಕ್ ಆಗಿ ಕಟ್ಬೇಕು ಅಂತ.

ಟೆನ್ನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟು, ಎಂಟು ಟೀಮು, ಪ್ರತಿ ಟೀಮಿಗೆ 10,000 ಪಾಯಿಂಟು. ದುಡ್ಡಲ್ಲ, ಬರೀ ಪಾಯಿಂಟು. ಒಬ್ಬ ಐಕಾನ್ ಪ್ಲೇಯರ್ ಮೊದಲೇ ಫಿಕ್ಸು, ಇನ್ನು 12 ಜನರನ್ನ ಹರಾಜಲ್ಲಿ ತಗೋಬೇಕು, ಬೇಸ್ ರೇಟು 200. ಹೆಸರು ಕೊಟ್ಟಿದ್ದು 118 ಜನ, ಬೇಕಾಗಿರೋದು 96, ಅಂದ್ರೆ 22 ಜನ ಮನೆಗೆ. ನಮ್ಮ ಟೀಮಿನ ಓನರ್ರು ಪೇಟೇಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರೋರು, ನಾವೆಲ್ಲ ಅಣ್ಣ ಅಂತೀವಿ. ಅವರು ಹದಿನೈದು ದಿನ ಮುಂಚೆ ಫೋನ್ ಮಾಡಿ "ನೀನು ಬೆಂಗಳೂರಲ್ಲಿ ಎಂತದೋ ಡೇಟಾ ಕೆಲಸ ಮಾಡ್ತೀಯಲ್ಲ ಮಾರಾಯ, ಬಂದು ನನ್ನ ಪಕ್ಕ ಕೂತ್ಕ" ಅಂದಿದ್ರು. ಅಷ್ಟು ಸಾಕಾಯ್ತು ನಂಗೆ.

ಈಗ ಎಂಥಾ ಹಳ್ಳಿ ಟೂರ್ನಮೆಂಟಾದ್ರೂ ಕ್ರಿಕ್‌ಹೀರೋಸ್ ಆ್ಯಪಲ್ಲಿ ಸ್ಕೋರ್ ಹಾಕ್ತಾರಲ್ಲ, ಅದರಿಂದ ಎರಡು ವರ್ಷದ ಲೆಕ್ಕ ಎಲ್ಲಾ ಎತ್ತಿ ಎಕ್ಸೆಲ್‌ಗೆ ಹಾಕಿದೆ. ಯಾರ ಸ್ಟ್ರೈಕ್ ರೇಟ್ ಎಷ್ಟು, ಯಾರ ಎಕಾನಮಿ ಎಷ್ಟು, ಕೊನೇ ಎರಡು ಓವರಲ್ಲಿ ಯಾರು ಬೋಲಿಂಗ್ ಹಾಕಿದಾರೆ, ಎಲ್ಲದಕ್ಕೂ ಒಂದೊಂದು ಬಣ್ಣ. ಪ್ರತಿ ಹೆಸರಿನ ಮುಂದೆ ಇವನಿಗೆ ಇಷ್ಟರ ಮೇಲೆ ಹೋಗಬಾರದು ಅಂತ ಒಂದು ರೇಟು. ಎರಡು ವಾರ ಆಫೀಸ್ ಮುಗಿಸಿ ಬಂದು ರಾತ್ರಿ ಹನ್ನೊಂದರ ತನಕ ಇದೇ ಕೆಲಸ, ಹೆಂಡತಿ ಒಂದಿನ ಬಗ್ಗಿ ನೋಡಿ "ಇದಕ್ಕೆ ಸಂಬಳ ಕೊಡ್ತಾರಾ" ಅಂತ ಕೇಳಿದ್ಲು.

ನಾವು ಚಿಕ್ಕವರಿದ್ದಾಗ ಟೀಮ್ ಮಾಡೋಕೆ ಇಷ್ಟೆಲ್ಲ ಬೇಕಿರಲಿಲ್ಲ. ಇಬ್ಬರು ಕ್ಯಾಪ್ಟನ್ನು ಗದ್ದೆ ಅಂಚಿನ ಮೇಲೆ ಕೂರ್ತಿದ್ರು, ಉಳಿದೋರು ಇಬ್ಬಿಬ್ಬರು ಹೆಗಲ ಮೇಲೆ ಕೈ ಹಾಕ್ಕೊಂಡು ದೂರ ಹೋಗಿ ಗುಟ್ಟಲ್ಲಿ ಹೆಸರಿಟ್ಕೊಂಡು ಬರ್ತಿದ್ರು, "ಆನೆ ಬೇಕಾ ಕುದುರೆ ಬೇಕಾ?" ಕ್ಯಾಪ್ಟನ್ ಆನೆ ಅಂದ್ರೆ ಆನೆ ಅವನ ಕಡೆ, ಕುದುರೆ ಈ ಕಡೆ. ಇದರ ತಲೆ ಇರೋದು ಜೋಡಿ ಆಗೋದ್ರಲ್ಲಿ. ಸರಿಸಮ ಆಡೋರೇ ಜೋಡಿ ಆಗ್ಬೇಕು, ಹಾಗಾಗಿ ಯಾರನ್ನ ಆರಿಸಿದ್ರೂ ಎರಡೂ ಕಡೆ ತೂಕ ಒಂದೇ. ಸಂಖ್ಯೆ ಬೆಸ ಬಂದ್ರೆ ಉಳಿದವನು ಕಾಮನ್, ಎರಡೂ ಕಡೆ ಬ್ಯಾಟಿಂಗ್ ಮಾಡ್ತಾನೆ, ಆಟಕ್ಕುಂಟು ಲೆಕ್ಕಕ್ಕಿಲ್ಲ. ನನ್ನ ಕ್ಲಾಸಿನ ಒಬ್ಬ ಯಾವಾಗ್ಲೂ ಕಾಮನ್ನೇ ಆಗ್ತಿದ್ದ, ಅವನ ವಿಷಯ ಆಮೇಲೆ ಬರ್ತೀನಿ.

ಹರಾಜು ಸಮುದಾಯ ಭವನದಲ್ಲಿ. ಹರಾಜು ಕೂಗೋಕೆ ಗಣಪತಿ ಹಬ್ಬದಲ್ಲಿ ಫಲಾವಳಿ ಸವಾಲು ಕೂಗ್ತಾರಲ್ಲ, ಅವರನ್ನೇ ಕರೆಸಿದ್ರು. ಒಂದು ತೆಂಗಿನಕಾಯನ್ನ ಸಾವಿರಾರು ರೂಪಾಯಿಗೆ ಏರಿಸಿ ಅಭ್ಯಾಸ ಇರೋ ಮನುಷ್ಯ, ಯಾರನ್ನ ಯಾರ ಮೇಲೆ ಎತ್ತಿಕಟ್ಟಿದ್ರೆ ರೇಟು ಏರತ್ತೆ ಅಂತ ಅವರಿಗೆ ಗೊತ್ತಿದ್ದಷ್ಟು ನನ್ನ ಎಕ್ಸೆಲ್‌ಗೆ ಗೊತ್ತಿರಲಿಲ್ಲ. ಹೆಸರುಗಳನ್ನ ಚೀಟಿ ಮಾಡಿ ಪ್ಲಾಸ್ಟಿಕ್ ಬಿಂದಿಗೆಗೆ ಹಾಕಿದ್ರು. ಬಿಡ್ ಮಾಡೋಕೆ ಪ್ರತಿ ಟೀಮಿಗೂ ಮದುವೆ ಕಾರ್ಡಿನ ರಟ್ಟಿಗೆ ಸ್ಕೇಲ್ ಅಂಟಿಸಿ ಕೊಟ್ಟಿದ್ರು.

ಮೂರನೇ ಚೀಟೀಲೇ ನಮಗೆ ಬೇಕಾಗಿದ್ದ ಎಡಗೈ ಓಪನರ್ ಬಂದ. ನನ್ನ ಶೀಟಲ್ಲಿ ಅವನ ರೇಟು 1,800. 1,800 ದಾಟ್ತಿದ್ದಂಗೆ ನಾನು ಅಣ್ಣನ ಮೊಣಕೈ ಮುಟ್ಟಿದೆ. ಆ ಕಡೆಯಿಂದ ಬಿಡ್ ಮಾಡ್ತಿದ್ದೋನು ಬಸ್ ಸ್ಟ್ಯಾಂಡ್ ಎದುರು ಇನ್ನೊಂದು ಹಾರ್ಡ್‌ವೇರ್ ಅಂಗಡಿ ತೆಗೆದಿರೋನು ಅನ್ನೋದು ನಂಗೆ ಗೊತ್ತಿರಲಿಲ್ಲ. ಸವಾಲು ಕೂಗೋರಿಗೆ ಗೊತ್ತಿತ್ತು. "ಹಳೇ ಅಂಗಡಿಯೋರು ಸುಮ್ನಾದ್ರಾ?" ಅಂತ ಒಂದೇ ಮಾತು. ರಟ್ಟು ಮೇಲೆ ಹೋಯ್ತು, ಹೋಯ್ತು, 3,400ಕ್ಕೆ ನಿಂತ್ತು. ಇಡೀ ಹಾಲು ಚಪ್ಪಾಳೆ. ಅಣ್ಣ ನನ್ನ ಕಡೆ ತಿರುಗಿ "ಮಾಲು ಒಳ್ಳೇದು" ಅಂದ್ರು.

ಇಲ್ಲಿ ಒಂದು ಲೆಕ್ಕ ಹೇಳ್ಬೇಕು, ಯಾಕಂದ್ರೆ ಹರಾಜಲ್ಲಿ ಎಷ್ಟೋ ಓನರ್‌ಗಳು ಮುಗ್ಗರಿಸೋದು ಇಲ್ಲೇ. ಕೈಲಿ 10,000 ಇದೆ ಅಂದ್ರೆ 10,000 ಇಲ್ಲ. ಇನ್ನೂ ತಗೋಬೇಕಾದ ತಲೆಗಳಿಗೆ ತಲಾ 200 ಎತ್ತಿಡಬೇಕು. ಮೊದಲನೇ ಆಟಗಾರನಿಗೆ ಜಾಸ್ತಿ ಅಂದ್ರೆ 7,800 ಹೋಗಬಹುದು, ಅಷ್ಟು ಹೋದ್ರೆ ಉಳಿದ 11 ಜನರೂ ಬೇಸ್ ರೇಟಿನೋರೇ. ಐಪಿಎಲ್ ಮೊದಲನೇ ಹರಾಜಲ್ಲೂ ಇದೇ ಆಗಿದ್ದು. 2008ರ ಫೆಬ್ರವರಿ, ಒಂದೊಂದು ಟೀಮಿಗೂ 50 ಲಕ್ಷ ಡಾಲರ್ ಮಿತಿ. ಐಕಾನ್ ಇರೋ ಟೀಮು ತನ್ನ ಐಕಾನ್‌ಗೆ ಹರಾಜಲ್ಲಿ ತಗೊಂಡ ದುಬಾರಿ ಆಟಗಾರನಿಗಿಂತ ಶೇ 15 ಜಾಸ್ತಿ ಕೊಡಬೇಕು ಅನ್ನೋ ರೂಲು ಇತ್ತು. ಧೋನಿಗೆ ಮುಂಬೈ, ಚೆನ್ನೈ ಎರಡೂ ಬಿದ್ದು ಬಿಡ್ ಮಾಡಿದ್ವು, 15 ಲಕ್ಷ ಡಾಲರ್‌ಗೆ ಚೆನ್ನೈಗೆ ಹೋದ. ಅದೇ ರೇಟಿಗೆ ಮುಂಬೈ ತಗೊಂಡಿದ್ರೆ ತನ್ನ ಐಕಾನ್ ಸಚಿನ್‌ಗೆ 17.25 ಲಕ್ಷ ಕೊಡ್ಬೇಕಿತ್ತು, ಇಬ್ಬರಿಗೇ 32 ಲಕ್ಷದ ಮೇಲೆ ಢಮಾರ್. ಚೆನ್ನೈಗೆ ಐಕಾನೇ ಇರಲಿಲ್ಲ. ಅದೇ ಧೋನಿ, ಅದೇ 15 ಲಕ್ಷ, ಆದ್ರೆ ಒಬ್ಬರಿಗೆ ಅಗ್ಗ ಇನ್ನೊಬ್ಬರಿಗೆ ದುಬಾರಿ. ಇದನ್ನ ನಾನು ಅಣ್ಣನಿಗೆ ಕಾರಲ್ಲಿ ಬರ್ತಾ ವಿವರಿಸಿದ್ದೆ, ಅವರು ತಲೆ ಅಲ್ಲಾಡಿಸಿದ್ರು, ಆದ್ರೂ ಹೋಗಿ 3,400.

ಆಮೇಲೆ ಒಬ್ಬ ಆಲ್‌ರೌಂಡರ್‌ಗೆ 1,900, ಕೀಪರ್‌ಗೆ 1,300. ಉಳಿದಿದ್ದು 3,400, ಬೇಕಾಗಿದ್ದು ಇನ್ನೂ ಒಂಬತ್ತು ಜನ.

ಆಗ ಬಂದಿದ್ದು ಕೊನೆಗಾರನ ಚೀಟಿ. ಅಡಿಕೆ ಮರ ಹತ್ತಿ ಕೊನೆ, ಅಂದ್ರೆ ಗೊನೆ, ಕೊಯ್ಯೋ ಹುಡುಗ, ಇಪ್ಪತ್ನಾಲ್ಕು ವರ್ಷ ಇರಬಹುದು. ಈಗ ಫೈಬರ್ ದೋಟಿ ಬಂದು ನೆಲದ ಮೇಲೇ ನಿಂತು ಕೊಯ್ಯೋರು ಜಾಸ್ತಿ ಆಗಿದಾರೆ, ಇವನು ಇನ್ನೂ ಹತ್ತೋನು, ಒಂದು ಮರದ ತುದಿಯಿಂದ ಇನ್ನೊಂದು ಮರಕ್ಕೆ ಬಗ್ಗಿಸ್ಕೊಂಡು ದಾಟೋನು. ಆ ಭುಜಕ್ಕೆ ಬಾಲ್ ಕೊಟ್ರೆ ಹೇಗಿರತ್ತೆ ಯೋಚ್ನೆ ಮಾಡಿ. ನನ್ನ ಶೀಟಲ್ಲಿ ಎಲ್ಲರಿಗಿಂತ ಹಸಿರಾಗಿದ್ದ ಬೌಲರ್ ಅವನೇ, ಓವರಿಗೆ ಐದೂವರೆ ರನ್ನು, ಟೆನ್ನಿಸ್ ಬಾಲಲ್ಲಿ! 1,500ರ ತನಕ ಹೋಗಿ ಅಂತ ನಾನು ಕೆಂಪಲ್ಲಿ ಬರೆದಿದ್ದೆ.

ಅಣ್ಣ ರಟ್ಟು ಎತ್ತಲಿಲ್ಲ. "ಬಿಡು, ಅವ್ನು ಬರೋನಲ್ಲ. ಮ್ಯಾಚಿರೋದು ಜನವರಿ ಎರಡನೇ ವಾರ. ಅವಾಗ ಅವ್ನು ಮರದ ಮೇಲಿರ್ತಾನೆ."

ಅದೂ ಸರಿನೇ. ಹಸಿ ಅಡಿಕೆ ಕೊಯ್ದ ಮೇಲೆ ಸುಲಿಯೋದು, ಬೇಯ್ಸೋದು ಎಲ್ಲಾ ಬೆನ್ನಿಗೇ ಆಗ್ಬೇಕು, ಸುಲಿಯೋರನ್ನ ಹೇಳಿಟ್ಟಿರ್ತಾರೆ, ಕೊನೆಗಾರ ಒಂದಿನ ಕೈ ಕೊಟ್ರೆ ಇಡೀ ಮನೆ ಕೆಲಸ ನಿಲ್ಲತ್ತೆ. ಎಕ್ಸೆಲಲ್ಲಿ ಅವನು ಹೋದ ವರ್ಷ ಎರಡೇ ಮ್ಯಾಚ್ ಆಡಿದ್ದು ಕಾಣ್ತಿತ್ತು, ಯಾಕೆ ಅನ್ನೋದು ಕಾಣ್ತಿರಲಿಲ್ಲ. ಹಾಲಲ್ಲಿ ಎಲ್ಲರೂ ಇದೇ ಲೆಕ್ಕ ಹಾಕ್ತಿದ್ರು ಅನ್ಸತ್ತೆ, ಯಾರೂ ಉಸಿರೆತ್ತಲಿಲ್ಲ. ಕೊನೆಗೆ ಹಿಂದಿನ ಸಾಲಲ್ಲಿ ಕೂತಿದ್ದ ಒಬ್ಬ ದೊಡ್ಡ ತೋಟದೋರು 200 ಅಂದ್ರು, ಇನ್ನೊಬ್ಬ ಸುಮ್ನೆ 400 ಅಂದ, ಅವರು 600 ಅಂದ್ರು, ಮೂರು ಸಲ, ಮುಗೀತು.

ಟೀ ಬ್ರೇಕಲ್ಲಿ ಗೊತ್ತಾಯ್ತು. ಜನವರಿ ಎರಡನೇ ವಾರ ಆ ಹುಡುಗ ಕೊಯ್ಲಿಗೆ ಒಪ್ಪಿದ್ದು ಆ ತೋಟದೋರ ಮನೆಗೇ. ಅವರು ಕೊಯ್ಲನ್ನ ಎರಡು ದಿನ ಮುಂದಕ್ಕೆ ಹಾಕಿದ್ರೆ ಆಯ್ತಲ್ಲ! ಇಡೀ ಹಾಲಲ್ಲಿ ಆ ಬೌಲರ್ 1,500 ಬಾಳೋದು ಅವರೊಬ್ಬರಿಗೇ, ಉಳಿದ ಏಳು ಟೀಮಿಗೆ ಅವನು ಸೊನ್ನೆ. ಅಣ್ಣ ವಡೆ ಕೈಲಿ ಹಿಡ್ಕೊಂಡು ಐದು ನಿಮಿಷ ಮಾತಾಡ್ಲಿಲ್ಲ.

ನಂಗೆ ತಕ್ಷಣ ನೆನಪಾಗಿದ್ದು ಗೇಲ್. 2011ರ ಜನವರಿ ಹರಾಜಲ್ಲಿ ಕ್ರಿಸ್ ಗೇಲ್‌ನ ಯಾರೂ ತಗೊಳ್ಲಿಲ್ಲ, ಸೀಸನ್‌ಗೆ ಸಿಗ್ತಾನೋ ಇಲ್ವೋ ಅನ್ನೋ ಅನುಮಾನ ಇತ್ತಲ್ಲ. ಆಮೇಲೆ ಡರ್ಕ್ ನ್ಯಾನೆಸ್ ಗಾಯ ಮಾಡ್ಕೊಂಡ, ಅವನ ಬದಲಿಗೆ ನಮ್ಮ ಆರ್‌ಸಿಬಿ ಗೇಲ್‌ನ ಕರೀತು, ಬಂದ ಮೊದಲನೇ ಮ್ಯಾಚಲ್ಲೇ ಈಡನ್ ಗಾರ್ಡನ್ಸಲ್ಲಿ ನೂರು, ಆ ಸೀಸನ್ನಲ್ಲಿ 608 ರನ್ನು. ಹರಾಜಿನ ದಿನ ಸೊನ್ನೆ, ಏಪ್ರಿಲಲ್ಲಿ ಚಿನ್ನ. ಅವನೂ ಒಂಥರಾ ಕೊನೆಗಾರನೇ.

ಇನ್ನು ಕೊಹ್ಲಿ ಕಥೆ ಎಲ್ಲರಿಗೂ ಗೊತ್ತಿರೋದೇ, ಆದ್ರೂ ಹೇಳ್ತೀನಿ, ಯಾಕಂದ್ರೆ ಅದು ಹರಾಜಲ್ಲ, ಡ್ರಾಫ್ಟು. 2008ರ ಮಾರ್ಚಲ್ಲಿ ಅಂಡರ್ 19 ವಿಶ್ವಕಪ್ ಗೆದ್ದ ಹುಡುಗರನ್ನ ಟೀಮುಗಳು ಸರದಿ ಪ್ರಕಾರ ಆರಿಸ್ಕೊಂಡ್ವು, ರೇಟು ಫಿಕ್ಸು, ಬಿಡ್ ಇಲ್ಲ. ಮೊದಲ ಸರದಿ ದೆಹಲಿಯದು. ಕಣ್ಮುಂದೆ ತಮ್ಮೂರಿನದೇ ಹುಡುಗ, ಕಪ್ ಗೆದ್ದ ಕ್ಯಾಪ್ಟನ್ನು. ಅವರು ತಗೊಂಡಿದ್ದು ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್‌ನ. ಈಗ ಎಲ್ಲರೂ ನಗ್ತಾರೆ, ಆದ್ರೆ ಅವತ್ತಿನ ಅವರ ಲಿಸ್ಟ್ ನೋಡಿ, ಸೆಹ್ವಾಗ್, ಗಂಭೀರ್, ಡಿವಿಲಿಯರ್ಸ್, ದಿಲ್ಶಾನ್, ಧವನ್. ಇನ್ನೊಬ್ಬ ಬ್ಯಾಟ್ಸ್‌ಮನ್‌ನ ಎಲ್ಲಿ ಕೂರಿಸೋದು? ಸಿಯಾಟಲಲ್ಲಿರೋ ನನ್ನ ಫ್ರೆಂಡ್ ಒಬ್ಬ ಬಾಸ್ಕೆಟ್‌ಬಾಲ್ ಹುಚ್ಚ, ಅವನಿಗೆ ಇದನ್ನ ಹೇಳಿದ್ರೆ ಥಟ್ಟನೆ ಪೋರ್ಟ್‌ಲ್ಯಾಂಡ್ ಟೀಮಿನ ಕಥೆ ಹೇಳ್ದ. 1984ರ ಎನ್‌ಬಿಎ ಡ್ರಾಫ್ಟಲ್ಲಿ ಎರಡನೇ ಸರದಿ ಅವರದು, ಕ್ಲೈಡ್ ಡ್ರೆಕ್ಸ್‌ಲರ್ ಆಗ್ಲೇ ಇದಾನೆ, ಅದೇ ಜಾಗಕ್ಕೆ ಇನ್ನೊಬ್ಬ ಯಾಕೆ ಅಂತ ಎತ್ತರದ ಸ್ಯಾಮ್ ಬೋವಿಯನ್ನ ತಗೊಂಡ್ರು, ಮೂರನೇ ಸರದೀಲಿ ಶಿಕಾಗೋಗೆ ಮೈಕಲ್ ಜೋರ್ಡನ್ ಸಿಕ್ಕ. ಇದ್ದೋರಲ್ಲಿ ಶ್ರೇಷ್ಠನನ್ನ ತಗೋಬೇಕೋ, ನಮ್ಮಲ್ಲಿ ಖಾಲಿ ಇರೋ ಜಾಗಕ್ಕೆ ಸರಿಹೋಗೋನನ್ನ ತಗೋಬೇಕೋ, ಆ ಜಗಳ ಅಲ್ಲೂ ಮುಗಿದಿಲ್ಲವಂತೆ. ನಾನಾಗಿದ್ರೂ ಸಾಂಗ್ವಾನ್‌ನೇ ತಗೊತಿದ್ದೆ, ನಿಜ ಹೇಳ್ತೀನಿ. ನನ್ನ ಎಕ್ಸೆಲಲ್ಲಿ ಅದಕ್ಕೂ ಒಂದು ಕಾಲಂ ಇತ್ತು.

ಸಂಜೆ ಐದಕ್ಕೆ ನಮ್ಮ ಹತ್ರ 200 ಪಾಯಿಂಟು ಉಳಿದಿತ್ತು, ಜಾಗ ಒಂದು. ಬಿಂದಿಗೆ ಖಾಲಿ. ಮೊದಲ ರೌಂಡಲ್ಲಿ ಯಾರೂ ಕೇಳದೇ ಉಳಿದೋರ ಲಿಸ್ಟನ್ನ ಮೈಕಲ್ಲಿ ಓದ್ತಾರೆ, ಜಾಗ ಇರೋ ಟೀಮು ಕೈ ಎತ್ತಬೇಕು. ಆ ಲಿಸ್ಟಲ್ಲಿ ನನ್ನ ಕ್ಲಾಸ್‌ಮೇಟ್ ಇದ್ದ, ಅದೇ ಕಾಮನ್. ನಲವತ್ತು ದಾಟಿದೆ, ನನ್ನ ಹಾಗೇ. ಬೆಳಿಗ್ಗೆಯಿಂದ ಮೂರನೇ ಸಾಲಲ್ಲಿ ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕ್ಕೊಂಡು ಕೂತಿದ್ದ, ಟೀ ಬ್ರೇಕಲ್ಲಿ ನನ್ನ ಹತ್ರ ಬಂದು ಮಕ್ಕಳ ಸ್ಕೂಲು, ಬೆಂಗಳೂರಿನ ನೀರು ಅಂತ ಮಾತಾಡಿದ್ನೇ ಹೊರತು ಹರಾಜಿನ ಬಗ್ಗೆ ಒಂದಕ್ಷರ ಎತ್ತಿರಲಿಲ್ಲ. ಅದೇ ಲಿಸ್ಟಲ್ಲಿ ಪಿಯುಸಿ ಓದೋ ಒಬ್ಬ ಹುಡುಗನೂ ಇದ್ದ, ಹದಿನೇಳು ವರ್ಷ, ಓಡ್ತಾನೆ, ಬೌಂಡರೀಲಿ ನಿಲ್ಲಿಸಬಹುದು.

ಅಣ್ಣ ರಟ್ಟನ್ನ ನನ್ನ ಕೈಗೇ ಕೊಟ್ಬಿಟ್ರು. "ನೀನೇ ಹೇಳು, ನಂಗೆ ಸಾಕಾಯ್ತು."

ಕ್ಲಾಸ್‌ಮೇಟ್ ಹೆಸರು ಮೊದಲು ಬಂತು. ನಾನು ಲ್ಯಾಪ್‌ಟಾಪ್ ಸ್ಕ್ರೀನ್ ನೋಡ್ತಾ ಕೂತೆ, ಅಲ್ಲಿ ನೋಡೋಕೆ ಏನೂ ಇರಲಿಲ್ಲ. ಹುಡುಗನ ಹೆಸರು ಬಂದಾಗ ಕೈ ಎತ್ತಿದೆ.

ಹಾಲಿಂದ ಹೊರಗೆ ಬರ್ತಾ ಇದ್ದಾಗ ಅವನೇ ಬಂದು ಭುಜ ತಟ್ಟಿದ. "ಅಡ್ಡಿಲ್ಲ ಮಾರಾಯ, ಓಡೋ ಹುಡುಗ ಬೇಕಾಗತ್ತೆ" ಅಂದ. ಆಮೇಲೆ ಕಮಿಟಿಯವರ ಹತ್ರ ಹೋಗಿ ಸ್ಕೋರ್ ಬರೆಯೋಕೆ ನಾನು ಬರ್ತೀನಿ ಅಂತ ಹೆಸರು ಕೊಟ್ಟ.

ಜನವರೀಲಿ ನಾವು ಮೂರು ಮ್ಯಾಚ್ ಆಡಿ ಒಂದು ಗೆದ್ದು ಮನೆಗೆ ಬಂದ್ವಿ. 3,400ರ ಎಡಗೈ ಓಪನರ್ ಮೂರು ಮ್ಯಾಚಲ್ಲಿ 31 ರನ್ ಹೊಡೆದ, ಒಂದು ಕ್ಯಾಚ್ ಬಿಟ್ಟ. ಕೊನೆಗಾರ ನಮ್ಮ ವಿರುದ್ಧವೇ ಎರಡು ಓವರಲ್ಲಿ ಏಳು ರನ್ ಕೊಟ್ಟು ಮೂರು ವಿಕೆಟ್ ತೆಗೆದ, ಕೈಬೆರಳೆಲ್ಲ ಅಡಿಕೆ ಚೊಗರಿಗೆ ಕಪ್ಪಾಗಿತ್ತು, ತೋಟದೋರು ಬೌಂಡರಿ ಹಗ್ಗದ ಹತ್ರ ಪ್ಲಾಸ್ಟಿಕ್ ಚೇರಲ್ಲಿ ಕೂತು ಎಲೆ ಅಡಿಕೆ ಹಾಕ್ತಿದ್ರು. ಅಣ್ಣ ಅವರ ಪಕ್ಕನೇ ಹೋಗಿ ಕೂತ್ರು, ಎಂತ ಮಾತಾಡಿದ್ರೋ ಗೊತ್ತಿಲ್ಲ.

ಮೂರನೇ ಮ್ಯಾಚಿನ ಕೊನೇ ಓವರಲ್ಲಿ ಹದಿನೇಳರ ಹುಡುಗನಿಗೆ ಬ್ಯಾಟಿಂಗ್ ಸಿಕ್ತು. ಒಂದೇ ಬಾಲು ಆಡಿದ್ದು. ಬ್ಯಾಟ್ ಬೀಸಿದ, ಬಾಲು ಕೀಪರ್ ಪಕ್ಕದಿಂದ ಸೀದಾ ಹಿಂದೆ ಹೋಗಿ ಗದ್ದೆ ಅಂಚು ದಾಟಿ ಫೋರ್. ನಾವೆಲ್ಲ ಕೂಗಿದ್ವಿ. ಕ್ಲಾಸ್‌ಮೇಟ್ ಕೂತಿದ್ದ ಸ್ಕೋರ್ ಟೇಬಲ್ ಹತ್ರ ಹೋಗಿ ಮೊಬೈಲಲ್ಲಿ ಬಗ್ಗಿ ನೋಡಿದ್ರೆ, ನಾಲ್ಕು ಬೈ, ಅಂದ್ರೆ ಬ್ಯಾಟಿಗೆ ತಾಗದೇ ಬಂದ ರನ್ನು.

"ಏ, ಎಡ್ಜ್ ಆಗಿತ್ತಲ್ಲ ಮಾರಾಯ, ನಾನೇ ನೋಡಿದೆ" ಅಂದೆ.

"ಶಬ್ದ ಬಂದಿಲ್ಲ" ಅಂದ, ಸ್ಕ್ರೀನಿಂದ ಕಣ್ಣೆತ್ತದೆ.

"ಟೆನ್ನಿಸ್ ಬಾಲಲ್ಲಿ ಎಲ್ಲಿ ಶಬ್ದ ಬರತ್ತೆ?"

"ಅಂಪೈರ್ ಕೈ ಎತ್ತಿದ್ರು, ನೋಡ್ಲಿಲ್ವಾ ನೀನು?"

ನಾನು ಬಾಲ್ ನೋಡ್ತಿದ್ದೆ, ಅಂಪೈರ್ ಕೈ ನೋಡಿರಲಿಲ್ಲ. ಹುಡುಗನೂ ಏನೂ ಹೇಳ್ಲಿಲ್ಲ, ನಗ್ತಾ ಹೋಗಿ ಪ್ಯಾಡ್ ಬಿಚ್ಚಿದ. ಮೊನ್ನೆ ಈ ಸಲದ ಹರಾಜಿಗೆ ಅಂತ ಮತ್ತೆ ಎಕ್ಸೆಲ್ ತೆಗೆದೆ, ಅವನ ಸಾಲಲ್ಲಿ ಒಂದು ಬಾಲು, ಸೊನ್ನೆ ರನ್ನು, ನಾಟ್ ಔಟ್ ಅಂತ ಇದೆ.