ಯಾವ ಪುಸ್ತಕದಿಂದ ಶುರು ಮಾಡೋದು ಅಂತ ಕೇಳುವವರಿಗೆ

ನಾನು ಕನ್ನಡ ಪುಸ್ತಕ ಓದ್ತೇನೆ ಅಂತ ಗೊತ್ತಾದ್ರೆ ನಮ್ಮ ಕಾಸರಗೋಡಲ್ಲಿ ಎಲ್ಲರೂ ಕೇಳುದು ಒಂದೇ, "ಓದುದು ಬಿಟ್ಟು ಎಷ್ಟೋ ವರ್ಷ ಆಯ್ತು ಮಾರಾಯ್ರೆ, ಎಲ್ಲಿಂದ ಶುರು ಮಾಡ್ಲಿ?" ಇವರಲ್ಲಿ ತುಂಬಾ ಜನ ಮಲಯಾಳಂ ಮೀಡಿಯಂನಲ್ಲಿ ಕಲಿತವರು, ಮನೆಯಲ್ಲಿ ತುಳುವೋ ಕನ್ನಡವೋ ಮಾತಾಡಿದ್ರೂ ಓದ್ಲಿಕ್ಕೆ ಕೂತ್ರೆ ಸ್ವಲ್ಪ ನಿಧಾನ. ಇವರಿಗೆ ಜ್ಞಾನಪೀಠದ ಲಿಸ್ಟ್ ಕೊಟ್ರೆ ಪುಸ್ತಕ ಹತ್ತನೇ ಪುಟದಲ್ಲೇ ಮಡಚಿಕೊಳ್ತದೆ. ನೀವು ಬಸ್ಸಲ್ಲಿ ದಾಟುವ ಹೊಳೆಯ ಕಥೆ ತೆಗೊಳ್ಳಿ ಅಂತೇನೆ ನಾನು.

ಆ ಹೊಳೆ ಅಂದ್ರೆ ಚಂದ್ರಗಿರಿ, ಹಾಗಾಗಿ ಮೊದಲು ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ'. ಸಾರಾ ನಮ್ಮ ಕಾಸರಗೋಡಿನವರೇ, 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು ಇದು. ಸಣ್ಣ ಪುಸ್ತಕ, ಭಾಷೆಯೂ ಸುಲಭ, ಒಂದು ಭಾನುವಾರ ಸಾಕು. ಎಲ್ಲರೂ ಇದನ್ನ ತಲಾಖಿನ ಕಾದಂಬರಿ ಅಂತಾರೆ, ಹೌದು, ಆದ್ರೆ ನಂಗೆ ಹೊಟ್ಟೆ ಉರಿದದ್ದು ಅದಕ್ಕೂ ಮೊದಲೇ, ಯಾಕಂದ್ರೆ ಜಗಳ ಶುರುವಾಗುದೇ ದುಡ್ಡಿಂದ. ಅಳಿಯ ರಶೀದ ಕೇಳಿದ ಹಣ ಕೊಡ್ಲಿಲ್ಲ ಅಂತ ಅಪ್ಪ ಮಹಮ್ಮದ್ ಖಾನ್ ಮಗಳು ನಾದಿರಾಳನ್ನ ತವರಲ್ಲೇ ಕೂರಿಸ್ತಾನೆ. ಅವಳಿಗೆ ಗಂಡ ಬೇಕು, ಗಂಡನಿಗೂ ಅವಳು ಬೇಕು, ಆದ್ರೂ ಸಂಸಾರ ಒಡೀತದೆ. ತಲಾಖ್ ಆದ್ಮೇಲೆ ಮತ್ತೆ ಅದೇ ಗಂಡನನ್ನ ಸೇರ್ಬೇಕಾದ್ರೆ ನಡುವೆ ಇನ್ನೊಬ್ಬನನ್ನ ಒಂದು ರಾತ್ರಿಯ ಮಟ್ಟಿಗೆ ಮದುವೆ ಆಗ್ಬೇಕು ಅಂತ ಬರುವಾಗ ಓದುವವರಿಗೇ ಉಸಿರು ಕಟ್ತದೆ. ಮಹಮ್ಮದ್ ಖಾನ್‌ನಂಥ ಅಪ್ಪಂದಿರು ಎಲ್ಲಾ ಜಾತಿಯಲ್ಲೂ ಇದ್ದಾರೆ, ನಮ್ಮ ನೆಂಟರಲ್ಲೂ ಉಂಟು, ಹೆಸರು ಬೇಡ.

ಆಮೇಲೆ ನಿರಂಜನರ 'ಚಿರಸ್ಮರಣೆ', 1955ರದ್ದು. ನಮ್ಮ ಕಾಸರಗೋಡು ಜಿಲ್ಲೆಯ ಕಯ್ಯೂರಿನ ರೈತರ ಹೋರಾಟ, ಅದಕ್ಕಾಗಿ 1943ರ ಮಾರ್ಚ್ 29ಕ್ಕೆ ಕಣ್ಣೂರು ಜೈಲಲ್ಲಿ ಗಲ್ಲಿಗೇರಿದ ನಾಲ್ಕು ಜನ. ತಮಾಷೆ ಅಂದ್ರೆ ಈ ಕನ್ನಡ ಕಾದಂಬರಿ ಬಗ್ಗೆ ನನ್ನ ಹತ್ರ ಜಾಸ್ತಿ ಮಾತಾಡುದು ಮಲಯಾಳದಲ್ಲಿ ಓದಿದ ಫ್ರೆಂಡ್ಸೇ. ಕೆಲವು ಕಡೆ ಭಾಷಣದ ಹಾಗೆ ಅನ್ನಿಸ್ತದೆ, ಸುಳ್ಳು ಹೇಳುದಿಲ್ಲ, ಆದ್ರೆ ಅಪ್ಪು, ಚಿರುಕಂಡ ಅಂತ ಇಬ್ಬರು ಹುಡುಗರು ನಮ್ಮ ಕಣ್ಣೆದುರೇ ದೊಡ್ಡವರಾಗ್ತಾರಲ್ಲ, ಅದಕ್ಕೋಸ್ಕರ ಓದ್ಬೇಕು.

ಈಗ ಎಲ್ಲರಿಗೂ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದ ಬಾನು ಮುಷ್ತಾಕ್ ಬೇಕು. ಓದಿ, ಆದ್ರೆ ಒಂದೇ ಸಲಕ್ಕೆ ಎಲ್ಲಾ ಕಥೆ ಬೇಡ. 'ಎದೆಯ ಹಣತೆ' ಕಥೆಯಲ್ಲಿ ಮೆಹರುನ್ ಮೈಮೇಲೆ ಸೀಮೆಎಣ್ಣೆ ಸುರಿದುಕೊಂಡಿರ್ತಾಳೆ, ಆಗ ಮಗಳು ಸಲ್ಮಾ ಬಂದು ತಡೀತಾಳೆ. ಅದನ್ನ ಓದಿದ ಕೂಡ್ಲೇ ಇನ್ನೊಂದು ಕಥೆಗೆ ಹೋದ್ರೆ ತಲೆಗೆ ಎಂತದೂ ಇಳಿಯುದಿಲ್ಲ.

"ಎಲ್ಲಾ ಅಳಿಸುದೇ ಆಯ್ತಲ್ಲ" ಅಂದ್ರೆ ತೇಜಸ್ವಿಯವರ 'ಕರ್ವಾಲೊ' ಉಂಟು. ಮಂದಣ್ಣನ ಪಂಚಾಯ್ತಿಕೆಗೆ ನಕ್ಕು ನಕ್ಕು ಸಾಕಾಗ್ತದೆ. ಅದರಲ್ಲಿ ಎಲ್ಲರೂ ಹುಡುಕ್ತಾ ಹೋಗುವ ಹಾರುವ ಓತಿ ಸಿಗ್ತದಾ ಇಲ್ವಾ ಅಂತ ಮಾತ್ರ ನಂಗೆ ಫೋನ್ ಮಾಡಿ ಕೇಳ್ಬೇಡಿ.