ಡಾಕ್ಯುಮೆಂಟ್ ಮಾಡಿ ಕಳಿಸಿದ ಫೋಟೋ

‘ವಾಟ್ಸಾಪ್‌ನಲ್ಲಿ ಹಾಗೇ ಕಳಿಸಿದ್ರೆ ಕ್ಲಾರಿಟಿ ಹೋಗುತ್ತೆ, ಡಾಕ್ಯುಮೆಂಟ್ ಮಾಡಿ ಕಳ್ಸಿ’ ಎನ್ನುವ ಸಲಹೆ ಈಗ ಎಲ್ಲರ ಬಾಯಲ್ಲೂ ಇದೆ. ಕ್ಲಾರಿಟಿಯೇನೋ ಉಳಿಯುತ್ತದೆ, ಉಳಿಯಬಾರದ್ದೂ ಉಳಿಯುತ್ತದೆ. ಮಾಮೂಲಿಯಾಗಿ ಕಳಿಸಿದಾಗ ವಾಟ್ಸಾಪ್ ಚಿತ್ರವನ್ನು ಕುಗ್ಗಿಸುವುದರ ಜೊತೆಗೆ ಅದರೊಳಗಿನ ಎಕ್ಸಿಫ್ ಮಾಹಿತಿಯನ್ನೂ, ಅಂದರೆ ಫೋಟೋ ತೆಗೆಯುವಾಗ ಕ್ಯಾಮೆರಾ ಫೈಲಿನೊಳಗೆ ಬರೆದಿಡುವ ವಿವರಗಳನ್ನೂ ಕಿತ್ತುಹಾಕುತ್ತದೆ. ಡಾಕ್ಯುಮೆಂಟ್ ಆದರೆ ಫೈಲು ಇದ್ದಂತೆಯೇ ಹೋಗುತ್ತದೆ: ಮೊಬೈಲ್ ಮಾಡೆಲ್, ತೆಗೆದ ದಿನಾಂಕ ಮತ್ತು ಸಮಯ, ಕ್ಯಾಮೆರಾಕ್ಕೆ ಲೊಕೇಶನ್ ಅನುಮತಿ ಇದ್ದರೆ ಅಕ್ಷಾಂಶ, ರೇಖಾಂಶ. ಈಮೇಲ್ ಅಟ್ಯಾಚ್‌ಮೆಂಟಿನದೂ ಇದೇ ಕತೆ.

ಬಯಲಲ್ಲಿ ಮೊಬೈಲ್ ಜಿಪಿಎಸ್ ತಪ್ಪಿದರೆ ಸುಮಾರು 5 ಮೀಟರ್. ಬೆಂಗಳೂರಿನ 30-40 ಸೈಟಿನ ಅಗಲವೇ 9 ಮೀಟರ್. ಹಳೇ ಫ್ರಿಜ್ ಮಾರಲು ಅಪರಿಚಿತರಿಗೆ ಹೀಗೆ ಫೋಟೋ ಕಳಿಸಿದರೆ, ಅವರು ಅಡ್ರೆಸ್ ಕೇಳಬೇಕಾಗಿಯೇ ಇಲ್ಲ. 2012ರ ಡಿಸೆಂಬರ್‌ನಲ್ಲಿ ಬೆಲೀಜ್ ಪೊಲೀಸರಿಂದ ತಲೆಮರೆಸಿಕೊಂಡಿದ್ದ ಜಾನ್ ಮೆಕಾಫಿ ಗ್ವಾಟೆಮಾಲಾದಲ್ಲಿದ್ದಾರೆಂದು ಬಯಲಾದದ್ದು ವೈಸ್ ಪತ್ರಿಕೆ ಹಾಕಿದ ಐಫೋನ್ ಫೋಟೋದೊಳಗಿನ ಜಿಪಿಎಸ್‌ನಿಂದ. ಆ್ಯಂಟಿವೈರಸ್ ಕಂಪನಿ ಕಟ್ಟಿದವರ ಗತಿಯೇ ಇದು.

ಆಂಡ್ರಾಯ್ಡ್‌ನಲ್ಲಿ ಕ್ಯಾಮೆರಾ ಸೆಟ್ಟಿಂಗ್ಸ್‌ಗೆ ಹೋಗಿ ‘ಲೊಕೇಶನ್ ಟ್ಯಾಗ್ಸ್’ ಅಥವಾ ‘ಸೇವ್ ಲೊಕೇಶನ್’ ಆಫ್ ಮಾಡಿ. ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಲೊಕೇಶನ್ ಸರ್ವಿಸಸ್, ಕ್ಯಾಮೆರಾ, ‘ನೆವರ್’. ಇದು ಮುಂದೆ ತೆಗೆಯುವ ಚಿತ್ರಗಳಿಗೆ ಮಾತ್ರ. ಹಳೆಯದನ್ನು ಐಫೋನ್‌ನಿಂದ ಕಳಿಸುವಾಗ ಶೇರ್ ಪರದೆಯ ಮೇಲಿನ ‘ಆಪ್ಷನ್ಸ್’ ಒತ್ತಿ ಲೊಕೇಶನ್ ತೆಗೆಯಬಹುದು. ವಿಂಡೋಸ್‌ನಲ್ಲಿ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್. ತಳದಲ್ಲಿ ಅಳಿಸುವ ಲಿಂಕ್ ಇದೆ. ಇಂಥ ಮಾಹಿತಿ ಅಳಿಸಲು ಎಕ್ಸಿಫ್‌ಟೂಲ್ ಎಂಬ ತಂತ್ರಾಂಶ ಬಳಸುವವರು ಒಂದು ನೋಡಿಕೊಳ್ಳಿ: ಅದು ಅಳಿಸುವ ಮುನ್ನ ಮೂಲ ಫೈಲನ್ನು ಅದೇ ಫೋಲ್ಡರಿನಲ್ಲಿ ‘ಒರಿಜಿನಲ್’ ಬಾಲ ಸೇರಿಸಿ ಇಟ್ಟಿರುತ್ತದೆ. ಫೋಲ್ಡರನ್ನೇ ಜಿಪ್ ಮಾಡಿ ಕಳಿಸಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಪಿಡಿಎಫ್‌ನಲ್ಲಂತೂ ಈ ಟೂಲ್ ಅಳಿಸಿದ್ದನ್ನು ವಾಪಸ್ ತರಬಹುದು.

ವರ್ಡ್ ಫೈಲಿನದು ಬೇರೆ ತಲೆನೋವು. ಗೆಳೆಯನ ರೆಸ್ಯೂಮೆ ತಿದ್ದಿ ನಿಮ್ಮದು ಮಾಡಿಕೊಂಡಿದ್ದರೆ ‘ಆಥರ್’ ಜಾಗದಲ್ಲಿ ಇನ್ನೂ ಅವನೇ ಕೂತಿರುತ್ತಾನೆ. ಎಚ್‌ಆರ್‌ನವರು ಫೈಲ್, ಇನ್ಫೋ ಒತ್ತಿದರೆ ಸಾಕು. ತಿದ್ದಿದ್ದನ್ನೆಲ್ಲ ಗುರುತು ಹಾಕಿಡುವ ಟ್ರ್ಯಾಕ್ ಚೇಂಜಸನ್ನು ‘ನೋ ಮಾರ್ಕಪ್’ಗೆ ಇಟ್ಟರೆ ತಿದ್ದುಪಡಿಗಳು ಮರೆಯಾಗುತ್ತವೆ ಅಷ್ಟೆ, ಅಳಿಯುವುದಿಲ್ಲ. ಕ್ರಾಪ್ ಮಾಡಿದ ಚಿತ್ರದ ಅಂಚೂ ಒಳಗೇ ಇರುತ್ತದೆ. ಮೊದಲು ಫೈಲಿಗೊಂದು ಕಾಪಿ ಮಾಡಿಕೊಳ್ಳಿ, ಅಳಿಸಿದ್ದೆಲ್ಲ ಮರಳಿ ಬರುತ್ತದೆಂಬ ಖಾತ್ರಿ ಇಲ್ಲ. ಆಮೇಲೆ ಇನ್ಫೋದಲ್ಲಿ ‘ಚೆಕ್ ಫಾರ್ ಇಶ್ಯೂಸ್’, ‘ಇನ್‌ಸ್ಪೆಕ್ಟ್ ಡಾಕ್ಯುಮೆಂಟ್’ ಓಡಿಸಿ, ಪಿಡಿಎಫ್ ಮಾಡುವುದಿದ್ದರೆ ಆ ನಂತರ ಮಾಡಿ. ಮೊದಲೇ ಮಾಡಿದರೆ ಗೆಳೆಯನ ಹೆಸರು ಪಿಡಿಎಫ್‌ಗೂ ದಾಟಿರುತ್ತದೆ.